ಚಿಪ್ಪಿನ ಸುಣ್ಣದ ಪುಡಿ: ಮಾಲು ಚೆನ್ನಾಗಿದೆ, ಚೀಲದ ಮೇಲಿನ ಒಂದು ಸಾಲು ತಪ್ಪು

ನೇರ ವಿಷಯಕ್ಕೆ ಬರುತ್ತೇನೆ. ಕಳೆದ ಬೇಸಿಗೆಯಲ್ಲಿ ಅಡಿಕೆ ತೋಟಕ್ಕೆ ಹಾಕಲು ಶಿವಮೊಗ್ಗದ ಒಂದು ಗೊಬ್ಬರದ ಅಂಗಡಿಯಿಂದ ಚಿಪ್ಪಿನ ಸುಣ್ಣದ ಪುಡಿ ತಂದೆ. 50 ಕೆಜಿಯ ಇಪ್ಪತ್ತು ಚೀಲ. ಮಾಲು ಒಳ್ಳೆಯದೇ, ಮುಂದಿನ ವರ್ಷವೂ ತರುತ್ತೇನೆ. ಆದರೆ ಚೀಲದ ಮೇಲೆ ದಪ್ಪ ಅಕ್ಷರದಲ್ಲಿ "ಶುದ್ಧ ಸಮುದ್ರ ಚಿಪ್ಪಿನ ಪುಡಿ, ನೀರಿನಲ್ಲಿ ಸಂಪೂರ್ಣ ಕರಗುತ್ತದೆ" ಎಂದು ಬರೆದಿದೆ. ಆ ಸಾಲು ತಪ್ಪು. ಅದನ್ನು ನಂಬಿ ನಮ್ಮ ಪಕ್ಕದ ಮನೆಯವರು ಪುಡಿಯನ್ನು ಡ್ರಮ್ಮಿನಲ್ಲಿ ಕಲಸಿ ಡ್ರಿಪ್ ಪೈಪಿಗೆ ಬಿಟ್ಟರು. ಎರಡೇ ದಿನಕ್ಕೆ ತೂತೆಲ್ಲ ಕಟ್ಟಿಕೊಂಡು, ಒಂದೊಂದೇ ಬಿಚ್ಚಿ ತೊಳೆಯಬೇಕಾಯಿತು. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ. ಕಂಪನಿಯ ಹೆಸರು ಹಾಕುವುದಿಲ್ಲ. ಯಾವ ಕಂಪನಿಯ ಚಿಪ್ಪಿನ ಪುಡಿ ತಂದರೂ ಈ ಮಾತು ಅನ್ವಯಿಸುತ್ತದೆ.

ಮೊದಲು ನಮ್ಮ ಮಣ್ಣಿನ ಕಥೆ. ತೋಟ ಇರುವುದು ತೀರ್ಥಹಳ್ಳಿಯಿಂದ ಆಗುಂಬೆ ಕಡೆಗೆ ಹೋಗುವ ದಾರಿಯಲ್ಲಿ. ಮಳೆ ಹೇಗೆಂದು ಈ ಕಡೆಯವರಿಗೆ ಹೇಳಬೇಕಾಗಿಲ್ಲ. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರ್ ದಾಟುತ್ತದೆ, ನಮ್ಮಲ್ಲಿ ಅದಕ್ಕಿಂತ ಸ್ವಲ್ಪ ಕಡಿಮೆ. ಇಷ್ಟು ನೀರು ವರ್ಷವರ್ಷವೂ ಮಣ್ಣಿನೊಳಗೆ ಇಳಿದು ಹೋಗುವಾಗ ಕ್ಯಾಲ್ಸಿಯಂ, ಮೆಗ್ನೀಸಿಯಂ ಎಲ್ಲವನ್ನೂ ಜೊತೆಗೆ ಒಯ್ಯುತ್ತದೆ. ಉಳಿಯುವುದು ಹುಳಿ ಮಣ್ಣು. ಮಣ್ಣು ಪರೀಕ್ಷೆ ಮಾಡಿಸಿದಾಗ ಪಿಎಚ್ (ಹುಳಿ ಅಳೆಯುವ ಅಂಕಿ, ಕಡಿಮೆಯಾದಷ್ಟೂ ಹುಳಿ ಜಾಸ್ತಿ) 5.1 ಬಂತು. ಹೀಗಿದ್ದರೆ ಎಷ್ಟು ಗೊಬ್ಬರ ಹಾಕಿದರೂ ಮರಕ್ಕೆ ಸರಿಯಾಗಿ ಸಿಗುವುದಿಲ್ಲ. ಸುಣ್ಣ ಹಾಕಲೇಬೇಕು.

ಈಗ ಚೀಲದ ಗುಣ. ಹೊಲಿಗೆ ಗಟ್ಟಿ, ಒಳಗೆ ಪ್ಲಾಸ್ಟಿಕ್ ಪದರ ಇದೆ. ಜಗುಲಿ ಮೇಲೆ ಎರಡು ತಿಂಗಳು ಇಟ್ಟರೂ ಗಂಟು ಕಟ್ಟಲಿಲ್ಲ. ತೂಕ ಸರಿಯಾಗಿತ್ತು, ನಾಲ್ಕು ಚೀಲ ತೂಗಿ ನೋಡಿದೆ. ಬಣ್ಣ ಬೂದು ಬಿಳಿ. ನುಣುಪು ಮಾತ್ರ ಸಾಲದು. ಮನೆಯ ರವೆ ಜರಡಿಯಲ್ಲಿ ಹತ್ತು ಲೋಟ ಜರಡಿ ಹಿಡಿದರೆ ಮೂರು ಲೋಟ ಮೇಲೆಯೇ ಉಳಿಯಿತು. ಉಳಿದದ್ದರಲ್ಲಿ ಚಿಪ್ಪಿನ ಚೂರುಗಳು ಕಣ್ಣಿಗೇ ಕಾಣುತ್ತವೆ, ಕೆಲವದರಲ್ಲಿ ಒಳಗಿನ ಹೊಳಪು ಕೂಡ ಹಾಗೇ ಇದೆ. ಇದು ಸಣ್ಣ ವಿಷಯ ಅಲ್ಲ. ನುಣ್ಣಗಿನ ಪುಡಿ ಒಂದು ಮಳೆಗಾಲದಲ್ಲಿ ಕೆಲಸ ಮಾಡುತ್ತದೆ. ರವೆಯಷ್ಟು ದಪ್ಪ ಇರುವ ಚೂರು ಮಣ್ಣಿನಲ್ಲಿ ವರ್ಷಗಟ್ಟಲೆ ಹಾಗೇ ಕೂತಿರುತ್ತದೆ. ನಾವು ದುಡ್ಡು ಕೊಡುವುದು ಎರಡಕ್ಕೂ ಒಂದೇ.

ಇನ್ನು ಆ ಸಾಲು.

ಒಂದು ಲೋಟ ಬಾವಿ ನೀರಿಗೆ ಒಂದು ಚಿಟಿಕೆ ಪುಡಿ ಹಾಕಿ ಚೆನ್ನಾಗಿ ಕಲಸಿದೆ. ಹಾಲಿನ ಹಾಗೆ ಬೆಳ್ಳಗಾಯಿತು. ಬೆಳಗ್ಗೆ ನೋಡಿದರೆ ಮೇಲೆ ತಿಳಿ ನೀರು, ತಳದಲ್ಲಿ ಪುಡಿ ಹಾಗೇ ಕೂತಿದೆ. ಕರಗುವುದು ಬೇರೆ, ಕದಡುವುದು ಬೇರೆ ಅಲ್ವಾ. ಚಿಪ್ಪು ಎಂದರೆ ಕ್ಯಾಲ್ಸಿಯಂ ಕಾರ್ಬೊನೇಟ್. ಗಾಳಿ ಸೇರದ ಶುದ್ಧ ನೀರು ಒಂದು ಲೀಟರಿಗೆ ಸುಮಾರು 14 ಮಿಲಿಗ್ರಾಂನಷ್ಟನ್ನು ಮಾತ್ರ ಕರಗಿಸಿಕೊಳ್ಳುತ್ತದೆ. ಆ ಲೆಕ್ಕದಲ್ಲಿ ಒಂದು ಚೀಲ ಕರಗಿಸಲು 35 ಲಕ್ಷ ಲೀಟರ್ ನೀರು ಬೇಕು. ಹತ್ತು ಸಾವಿರ ಲೀಟರಿನ ಟ್ಯಾಂಕರ್ ಆದರೆ 350 ಟ್ಯಾಂಕರ್. 200 ಲೀಟರಿನ ಡ್ರಮ್ಮಿನಲ್ಲಿ ಕರಗುವ ಮಾತೇ ಇಲ್ಲ.

ಆದರೆ ಅದೇ ಪುಡಿ ನಿಂಬೆಹಣ್ಣಿನ ರಸದಲ್ಲಿ ನೊರೆನೊರೆಯಾಗಿ ಕರಗಿತು. ಹಾಗಾದರೆ ಕರಗುವುದೋ ಇಲ್ಲವೋ ಎನ್ನುವುದನ್ನು ತೀರ್ಮಾನ ಮಾಡುವುದು ಪುಡಿ ಅಲ್ಲ, ನೀರು. ನೀರಿನಲ್ಲಿ ಏನಿದೆ ಅನ್ನುವುದು. ನನಗೆ ಇದು ಪೂರ್ತಿ ಅರ್ಥವಾಗಿದ್ದು ಭೂಮಿ ಹುಣ್ಣಿಮೆಗೆ ಅಕ್ಕನ ಮಗಳು ಬಂದಾಗ. ಗೋವಾದಲ್ಲಿ ಸಮುದ್ರ ವಿಜ್ಞಾನ ಓದುತ್ತಾಳೆ. ಚೀಲದ ಮೇಲಿನ ಸಾಲು ಓದಿ ಅವಳು ಕೇಳಿದ ಮೊದಲ ಪ್ರಶ್ನೆ ಇದು: "ಮಾವ, ಚಿಪ್ಪು ನೀರಲ್ಲಿ ಪೂರ್ತಿ ಕರಗೋ ಹಾಗಿದ್ರೆ ಅಘನಾಶಿನಿ ಅಳಿವೆಯಲ್ಲಿ ಚಿಪ್ಪು ಉಳೀತಿತ್ತಾ?"

ಹೌದಲ್ಲ. ಕುಮಟಾ ಕಡೆ, ನದಿ ಸಮುದ್ರ ಸೇರುವ ಅಳಿವೆಯ ನೀರಿನಲ್ಲಿ ಬಳಚು ಎಂಬ ಚಿಪ್ಪಿನ ಜೀವಿ ಬೆಳೆಯುತ್ತದೆ, ಸಾಯುತ್ತದೆ, ಅದರ ಚಿಪ್ಪು ಪದರಪದರವಾಗಿ ನೆಲದಲ್ಲಿ ಕೂರುತ್ತದೆ. ಹಗಲು ರಾತ್ರಿ ನೀರಿನಲ್ಲೇ ಇದ್ದರೂ ಕರಗುವುದಿಲ್ಲ.

ಆಮೇಲೆ ಅವಳೇ ಮುಂದುವರಿಸಿದಳು: "ಆದ್ರೆ ಸಮುದ್ರದಲ್ಲೇ ಒಂದು ಜಾಗ ಇದೆ. ಅಲ್ಲಿ ನಿಮ್ಮ ಚೀಲದ ಮೇಲೆ ಬರೆದಿದ್ದು ನಿಜ ಆಗುತ್ತೆ." ಆ ಜಾಗ ಸಮುದ್ರದ ಆಳ. ಆಳ ಎಂದರೆ ನಮ್ಮ ಕರಾವಳಿಯ ಪಕ್ಕದ ಸಮುದ್ರ ಅಲ್ಲ. ದಡದಿಂದ ಒಂದಷ್ಟು ದೂರದವರೆಗೆ ನೆಲ 200 ಮೀಟರ್ ಕೂಡ ಆಳ ಇಲ್ಲ. ಅವಳು ಹೇಳಿದ್ದು ನಾಲ್ಕೂವರೆ ಸಾವಿರ, ಐದು ಸಾವಿರ ಮೀಟರಿನ ಆಳ. ನಮ್ಮ ಕೊಡಚಾದ್ರಿಯ ಎತ್ತರ 1343 ಮೀಟರ್. ಅಂಥ ಮೂರು ಕೊಡಚಾದ್ರಿಯನ್ನು ಒಂದರ ಮೇಲೊಂದು ಇಟ್ಟು ಮುಳುಗಿಸಿದರೂ ತುದಿ ಕಾಣದಷ್ಟು ಆಳ.

ಅಲ್ಲಿ ನಡೆಯುವುದನ್ನು ಕೇಳಿದ ಮೇಲೆ ನನ್ನ ತೋಟದ ಸುಣ್ಣ ನನಗೆ ಬೇರೆಯೇ ರೀತಿ ಕಾಣುತ್ತಿದೆ. ಹಾಗಾಗಿ ಅದನ್ನು ಬಿಡಿಸಿ ಹೇಳುತ್ತೇನೆ. ಪುಡಿ ಕೊಳ್ಳುವವರಿಗೂ ಇದು ಬೇಕು.

ಸಮುದ್ರದ ಮೇಲ್ಭಾಗದಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಜೀವಿಗಳು ಕೋಟಿಗಟ್ಟಲೆ ಇವೆ. ಫೊರಾಮಿನಿಫೆರಾ ಅಂತ ಒಂದು ಬಗೆ, ಕೊಕೊಲಿಥೊಫೋರ್ ಅಂತ ಇನ್ನೊಂದು ಬಗೆ. ಇವೂ ಬಳಚಿನ ಹಾಗೆ ಸುಣ್ಣದ ಚಿಪ್ಪು ಕಟ್ಟಿಕೊಳ್ಳುತ್ತವೆ. ಮೇಲಿನ ಬೆಚ್ಚಗಿನ ನೀರಿನಲ್ಲಿ ಸುಣ್ಣದ ಅಂಶ ಹಿಡಿಸುವುದಕ್ಕಿಂತ ಕೆಲವು ಪಟ್ಟು ಜಾಸ್ತಿಯೇ ಕರಗಿಕೊಂಡಿದೆ. ಸಕ್ಕರೆ ಪಾಕ ತುಂಬಾ ಗಟ್ಟಿಯಾದರೆ ಮತ್ತೆ ಸಕ್ಕರೆ ಹಾಕಿದರೂ ಕರಗುವುದಿಲ್ಲವಲ್ಲ, ಹಾಗೆ. ಅದಕ್ಕೇ ಅಲ್ಲಿ ಚಿಪ್ಪು ಕಟ್ಟುವುದು ಸುಲಭ, ಕಟ್ಟಿದ್ದು ಕರಗುವುದೂ ಇಲ್ಲ. ಜೀವಿಗಳು ಸತ್ತ ಮೇಲೆ ಚಿಪ್ಪು ಕೆಳಗೆ ಇಳಿಯುತ್ತದೆ. ಒಂಟಿಯಾಗಿ ಇಳಿಯುವ ತೀರಾ ಸಣ್ಣ ಚಿಪ್ಪಿಗೆ ತಿಂಗಳು, ವರ್ಷಗಳೇ ಬೇಕು. ಆದರೆ ಅವನ್ನು ತಿಂದ ಸಣ್ಣ ಪ್ರಾಣಿಗಳ ಹಿಕ್ಕೆಯೊಳಗೆ ಉಂಡೆಯಾಗಿ ಸೇರಿಕೊಂಡರೆ ಕೆಲವು ವಾರಗಳಲ್ಲೇ ತಳ ಮುಟ್ಟುತ್ತದೆ. ಹಾಗಾಗಿ ಜಾಸ್ತಿ ಕರಗುವುದು ದಾರಿಯಲ್ಲಿ ಅಲ್ಲ, ತಳದಲ್ಲಿ ಬಿದ್ದುಕೊಂಡಿರುವಾಗ.

ಇದು ಮೊದಲು ಗೊತ್ತಾಗಿದ್ದು ಕೆಸರು ಎತ್ತಿ ನೋಡಿದಾಗ. 1872ರಿಂದ 1876ರವರೆಗೆ ಚಾಲೆಂಜರ್ ಎಂಬ ಬ್ರಿಟಿಷ್ ಹಡಗು ಜಗತ್ತಿನ ಸಮುದ್ರಗಳನ್ನೆಲ್ಲ ಸುತ್ತಿ, ಅಲ್ಲಲ್ಲಿ ಹಗ್ಗ ಇಳಿಬಿಟ್ಟು ತಳದ ಕೆಸರು ಮೇಲೆತ್ತಿತು. ಹಡಗಿನಲ್ಲಿದ್ದ ಜಾನ್ ಮರ್ರೆ ಎಂಬ ವಿಜ್ಞಾನಿ ಅದನ್ನೆಲ್ಲ ನೋಡಿದರು. ಅಷ್ಟೇನೂ ಆಳ ಇಲ್ಲದ ಕಡೆ ಬಂದದ್ದು ಬಿಳಿ ಕೆಸರು, ತುಂಬಾ ಚಿಪ್ಪು. ಇನ್ನೂ ಆಳಕ್ಕೆ ಹೋದ ಹಾಗೆ ಚಿಪ್ಪು ಸವೆದು ತೆಳ್ಳಗಾಗುತ್ತಾ ಬಂದು, ತೀರಾ ಆಳದಲ್ಲಿ ಒಂದೂ ಇಲ್ಲ. ಬರೀ ಕೆಂಪು ಕಂದು ಜೇಡಿ. ಮೇಲೆ ಬಲೆ ಹಾಕಿದರೆ ಎರಡೂ ಕಡೆ ಅದೇ ಜೀವಿಗಳು ಸಿಗುತ್ತಿದ್ದವು! ಮೇಲಿಂದ ಬೀಳುವುದು ಒಂದೇ, ಕೆಳಗೆ ಉಳಿಯುವುದು ಮಾತ್ರ ಬೇರೆ. ಅಂದರೆ ಕೆಳಗಿನ ನೀರೇ ತಿಂದು ಹಾಕುತ್ತಿದೆ.

ಸಮುದ್ರದೊಳಗೂ ಬೆಟ್ಟಗಳಿವೆ. ಅವುಗಳ ತುದಿಯಲ್ಲಿ ಬಿಳಿ ಸುಣ್ಣ ಕೂತಿರುತ್ತದೆ, ಬುಡದಲ್ಲಿ ಕೆಂಪು ಜೇಡಿ. ಹಿಮಾಲಯದಲ್ಲಿ ಒಂದು ಎತ್ತರದ ಮೇಲೆ ಮಾತ್ರ ಹಿಮ ನಿಲ್ಲುತ್ತದಲ್ಲ, ಅದೇ ಥರ. ಬಿಳಿ ಮುಗಿದು ಕೆಂಪು ಶುರುವಾಗುವ ಗೆರೆ ಎಂದರೆ, ಎಷ್ಟು ಸುಣ್ಣ ಮೇಲಿಂದ ಬೀಳುತ್ತದೋ ಅಷ್ಟೂ ಕರಗಿ ಲೆಕ್ಕ ಸರಿಯಾಗುವ ಆಳ. ಕೆರೆಗೆ ಬಂದಷ್ಟೇ ನೀರು ಕೋಡಿಯಲ್ಲಿ ಹರಿದು ಹೋದ ಹಾಗೆ. ಅಟ್ಲಾಂಟಿಕ್ ಸಾಗರದಲ್ಲಿ ಅದು ಸುಮಾರು 5000 ಮೀಟರ್ ಆಳದಲ್ಲಿದೆ. ಪೆಸಿಫಿಕ್‌ನಲ್ಲಿ ಇನ್ನೂ ಮೇಲೆ, 4200ರಿಂದ 4500 ಮೀಟರಿನ ಹತ್ತಿರ.

ಯಾಕೆ ಕರಗುತ್ತದೆ? ಕಾರಣ ಮೂರು, ಆದರೆ ಮೂರರ ಬಲವೂ ಒಂದೇ ಅಲ್ಲ.

ಚಳಿ ಸ್ವಲ್ಪ ಸಹಾಯ ಮಾಡುತ್ತದೆ. ಸಕ್ಕರೆ ಉಪ್ಪು ಬಿಸಿ ನೀರಿನಲ್ಲಿ ಜಾಸ್ತಿ ಕರಗುತ್ತವೆ. ಈ ಸುಣ್ಣ ಉಲ್ಟಾ, ತಣ್ಣೀರಿನಲ್ಲಿ ಜಾಸ್ತಿ ಕರಗುತ್ತದೆ. ಆಳ ಸಮುದ್ರದ ನೀರು 2–3 ಡಿಗ್ರಿಯಷ್ಟು ತಣ್ಣಗಿರುತ್ತದೆ. ಆದರೆ ಇದೊಂದರಿಂದಲೇ ಚಿಪ್ಪು ಮಾಯವಾಗುವುದಿಲ್ಲ.

ಒತ್ತಡ ದೊಡ್ಡ ಕಾರಣ. ನೀರಿನಲ್ಲಿ ಪ್ರತಿ 10 ಮೀಟರ್ ಕೆಳಗೆ ಹೋದ ಹಾಗೂ ನಮ್ಮ ಮೇಲಿನ ಗಾಳಿಯಷ್ಟೇ ಇನ್ನೊಂದು ಭಾರ ಸೇರುತ್ತದೆ. 4000 ಮೀಟರ್ ಆಳದಲ್ಲಿ ಅದರ 400 ಪಟ್ಟು. ಕಿರುಬೆರಳಿನ ಉಗುರಿನಷ್ಟು ಜಾಗದ ಮೇಲೆ 400 ಕೆಜಿ, ಅಂದರೆ ನಾನು ತಂದಂಥ ಎಂಟು ಚೀಲ. ಆ ಭಾರಕ್ಕೆ ಚಿಪ್ಪು ಪುಡಿಯಾಗುತ್ತದೆ ಎಂದು ನಾನು ಅಂದುಕೊಂಡೆ. ಹಾಗಲ್ಲ. ಚಿಪ್ಪಿನ ಒಳಗೂ ಹೊರಗೂ ನೀರೇ ಇರುವುದರಿಂದ ಅದು ಒಡೆಯುವುದಿಲ್ಲ. ಆಗುವುದು ಬೇರೆ. ಸುಣ್ಣ ಕರಗಿದಾಗ ಅದರ ಕಣಗಳು ಸುತ್ತಲಿನ ನೀರನ್ನು ಹತ್ತಿರಕ್ಕೆ ಎಳೆದುಕೊಳ್ಳುತ್ತವೆ. ಆಗ ಒಟ್ಟು ಜಾಗ ಸ್ವಲ್ಪ ಕಡಿಮೆ ಸಾಕಾಗುತ್ತದೆ. ಅಡಿಕೆ ಚೀಲವನ್ನು ನೆಲಕ್ಕೆ ಕುಟ್ಟಿದರೆ ಅಡಿಕೆ ಒಂದಕ್ಕೊಂದು ಹೊಂದಿಕೊಂಡು ಮಟ್ಟ ಕೆಳಗಿಳಿಯುವುದಿಲ್ಲವೇ, ಹಾಗೆ. ಮೇಲಿಂದ ಜೋರಾಗಿ ಒತ್ತುತ್ತಿದ್ದರೆ ಕಡಿಮೆ ಜಾಗ ಹಿಡಿಯುವ ಸ್ಥಿತಿಯೇ ಗೆಲ್ಲುತ್ತದೆ. ಗಟ್ಟಿಯಾಗಿ ಇರುವುದಕ್ಕಿಂತ ಕರಗಿ ಇರುವುದೇ ಕಡಿಮೆ ಜಾಗ. ಹೀಗಾಗಿ ನಾಲ್ಕೈದು ಕಿಲೋಮೀಟರ್ ಆಳದಲ್ಲಿ ಸುಣ್ಣ ಕರಗುವ ಶಕ್ತಿ ಮೇಲಿನದಕ್ಕಿಂತ ಸುಮಾರು ಎರಡು ಪಟ್ಟು.

ಮೂರನೆಯದು ಕಾರ್ಬನ್ ಡೈಆಕ್ಸೈಡ್. ನಮ್ಮ ತೋಟಕ್ಕೆ ನೇರವಾಗಿ ಸಂಬಂಧ ಇರುವುದು ಇದೇ. ಮೇಲಿಂದ ಚಿಪ್ಪಿನ ಜೊತೆಗೆ ಸತ್ತ ಜೀವಿಗಳ ಮೈಯೂ ಬೀಳುತ್ತದೆ. ಅದು ಕೊಳೆಯುತ್ತದೆ. ಕೊಳೆತರೆ ಕಾರ್ಬನ್ ಡೈಆಕ್ಸೈಡ್ ಬರುತ್ತದೆ. ಮೇಲೆ ಬಿಸಿಲಿರುವ ಕಡೆ ಅದನ್ನು ಸಣ್ಣ ಸಸ್ಯಗಳು ಹೀರಿಕೊಳ್ಳುತ್ತವೆ. ಕೆಳಗೆ ಕತ್ತಲು, ಹೀರಿಕೊಳ್ಳುವವರು ಯಾರೂ ಇಲ್ಲ. ಅನಿಲ ನೀರಿನಲ್ಲಿ ಸೇರುತ್ತಾ ಹೋಗಿ ನೀರು ಸ್ವಲ್ಪಸ್ವಲ್ಪವೇ ಹುಳಿಯ ಕಡೆ ವಾಲುತ್ತದೆ. ಆ ಹುಳಿ ನೀರಿನಲ್ಲಿರುವ ಕಾರ್ಬೊನೇಟನ್ನು ಹಿಡಿದು ಬೈಕಾರ್ಬೊನೇಟ್ ಮಾಡುತ್ತದೆ. ಸಮುದ್ರದಲ್ಲಿ ಕ್ಯಾಲ್ಸಿಯಂ ಹೆಚ್ಚುಕಡಿಮೆ ಎಲ್ಲ ಕಡೆ ಒಂದೇ ಇದೆ, ಕಡಿಮೆಯಾಗುವುದು ಕಾರ್ಬೊನೇಟ್. ಜೋಡಿಯಲ್ಲಿ ಒಂದು ಕಡಿಮೆಯಾದಾಗ ಆ ಕೊರತೆ ತುಂಬಲು ಚಿಪ್ಪು ಕರಗುತ್ತದೆ.

ಪೆಸಿಫಿಕ್‌ನಲ್ಲಿ ಗೆರೆ ಮೇಲಿರುವುದು ಇದೇ ಕಾರಣಕ್ಕೆ. ಆಳದ ನೀರು ಉತ್ತರ ಅಟ್ಲಾಂಟಿಕ್‌ನಲ್ಲಿ, ಅಂಟಾರ್ಕ್ಟಿಕಾದ ಸುತ್ತ ತಣ್ಣಗಾಗಿ ಭಾರವಾಗಿ ಕೆಳಗಿಳಿದು, ನಿಧಾನವಾಗಿ ಹರಿದು, ಉತ್ತರ ಪೆಸಿಫಿಕ್ ತಲುಪುವ ಹೊತ್ತಿಗೆ ಸಾವಿರ ವರ್ಷದ ಹತ್ತಿರ ಆಗಿರುತ್ತದೆ. ಅಷ್ಟು ಕಾಲ ಅದರೊಳಗೆ ಕೊಳೆಯುವುದು ನಡೆದೇ ಇರುತ್ತದೆ. ಹಳೆಯ ನೀರು, ಜಾಸ್ತಿ ಕಾರ್ಬನ್ ಡೈಆಕ್ಸೈಡ್, ಅದಕ್ಕೆ ಕಡಿಮೆ ಆಳದಲ್ಲೇ ಚಿಪ್ಪು ಕರಗಲು ಶುರು.

ಇದನ್ನು ಒಬ್ಬರು ಕಣ್ಣಾರೆ ಪರೀಕ್ಷೆ ಮಾಡಿದ್ದಾರೆ. ಮೆಲ್ವಿನ್ ಪೀಟರ್ಸನ್ ಎಂಬ ವಿಜ್ಞಾನಿ ಕ್ಯಾಲ್ಸೈಟ್‌ನ (ಇದೂ ಒಂದು ಬಗೆಯ ಕ್ಯಾಲ್ಸಿಯಂ ಕಾರ್ಬೊನೇಟೇ) ಗುಂಡುಗಳನ್ನು ತೂಗಿ, ಪೆಸಿಫಿಕ್ ಸಾಗರದಲ್ಲಿ ಒಂದೇ ಹಗ್ಗಕ್ಕೆ ಬೇರೆಬೇರೆ ಆಳದಲ್ಲಿ ಕಟ್ಟಿ ಇಳಿಬಿಟ್ಟರು. ತಿಂಗಳುಗಳ ನಂತರ ಎತ್ತಿ ಮತ್ತೆ ತೂಗಿದರು. ಫಲಿತಾಂಶ 1966ರಲ್ಲಿ ಪ್ರಕಟವಾಯಿತು. ಮೇಲಿನ ಗುಂಡುಗಳು ಹೆಚ್ಚೇನೂ ಸವೆದಿರಲಿಲ್ಲ. ಸುಮಾರು 3700 ಮೀಟರಿನ ಕೆಳಗೆ ಇದ್ದಕ್ಕಿದ್ದ ಹಾಗೆ ಸವೆತ ಜೋರಾಗಿತ್ತು. ತೂಗುವುದು, ಕಟ್ಟುವುದು, ಮತ್ತೆ ತೂಗುವುದು, ಇಷ್ಟೇ ಕೆಲಸ. ಕೇಳಿ ನನಗೆ ತುಂಬಾ ಖುಷಿಯಾಯಿತು.

ಹಾಗಾಗಿ ನಾವೂ ಮನೆಯಲ್ಲಿ ಒಂದು ಪರೀಕ್ಷೆ ಮಾಡಿದೆವು. ಅರ್ಧ ಲೀಟರಿನ ಎರಡು ಬಾಟಲಿ ತೆಗೆದುಕೊಂಡೆವು. ಒಂದರಲ್ಲಿ ಬಾವಿ ನೀರು, ಇನ್ನೊಂದು ಅಂಗಡಿಯ ಸೋಡಾ. ಜರಡಿ ಹಿಡಿದ ನುಣ್ಣಗಿನ ಪುಡಿ ಎರಡಕ್ಕೂ ಒಂದೊಂದು ಚಿಟಿಕೆ ಹಾಕಿ ತಕ್ಷಣ ಮುಚ್ಚಳ ಬಿಗಿದೆವು. (ಸೋಡಾಕ್ಕೆ ಪುಡಿ ಬಿದ್ದ ಕೂಡಲೇ ಉಕ್ಕುತ್ತದೆ, ಕೈ ಚುರುಕಾಗಿರಬೇಕು.) ಆಗಾಗ ಕುಲುಕಿ ಫ್ರಿಜ್ಜಿನಲ್ಲಿ ಇಟ್ಟೆವು. ಮಾರನೇ ದಿನ ಬಾವಿ ನೀರಿನ ಬಾಟಲಿಯಲ್ಲಿ ಪುಡಿ ಹಾಗೇ ಇತ್ತು. ಸೋಡಾ ಬಾಟಲಿ ತಿಳಿಯಾಗಿತ್ತು, ತಳದಲ್ಲಿ ಎರಡು ಮೂರು ಕಪ್ಪು ಕಣ ಬಿಟ್ಟರೆ ಏನೂ ಇಲ್ಲ. ಆಮೇಲೆ ಆ ತಿಳಿ ಸೋಡಾವನ್ನು ಪಾತ್ರೆಗೆ ಹಾಕಿ ಕುದಿಸಿದೆವು. ಅನಿಲ ಹೋಯಿತು, ಪಾತ್ರೆಯ ತಳಕ್ಕೆ ಬಿಳಿ ಪದರ ಕೂತಿತು. ಕರಗಿದ್ದ ಚಿಪ್ಪು ವಾಪಸ್ ಬಂತು! ದಾವಣಗೆರೆ, ಚಿತ್ರದುರ್ಗದ ಕಡೆ ಬೋರ್‌ವೆಲ್ ನೀರು ಕಾಯಿಸುವ ಹಂಡೆಗೆ ಕಟ್ಟುವ ಬಿಳಿ ಪದರವೂ ಇದೇ. ನಮ್ಮ ಮಲೆನಾಡಿನ ನೀರು ಮೆದು, ಅದರಲ್ಲಿ ಸುಣ್ಣವೇ ಕಡಿಮೆ, ಹಾಗಾಗಿ ನಮ್ಮ ಬಚ್ಚಲ ಹಂಡೆಗೆ ಅಷ್ಟು ಕಟ್ಟುವುದಿಲ್ಲ.

ಸೋಡಾದಲ್ಲಿ ಒತ್ತಡದ ಕೆಲಸ ಅನಿಲವನ್ನು ಹಿಡಿದಿಡುವುದು. ಸಮುದ್ರದಲ್ಲಿ ಒತ್ತಡ ಸುಣ್ಣವನ್ನೇ ನೇರವಾಗಿ ಕರಗುವ ಕಡೆ ತಳ್ಳುತ್ತದೆ. ಎರಡೂ ಒಂದೇ ಅಂತ ಅಂದುಕೊಳ್ಳಬೇಡಿ ಎಂದು ಅವಳು ಎರಡು ಸಲ ಹೇಳಿದಳು, ಅದಕ್ಕೆ ನಾನೂ ಬರೆದಿದ್ದೇನೆ.

ಈಗ ತೋಟಕ್ಕೆ ಬನ್ನಿ. ನಾವು ಬುಡಕ್ಕೆ ಸೊಪ್ಪು ಹಾಕುತ್ತೇವೆ, ದರಗು ಹಾಸುತ್ತೇವೆ, ಸಗಣಿ ಗೊಬ್ಬರ ಹಾಕುತ್ತೇವೆ. ಅದು ಕೊಳೆಯುವಾಗ ಮಣ್ಣಿನೊಳಗಿನ ಗಾಳಿಯಲ್ಲಿ ಕಾರ್ಬನ್ ಡೈಆಕ್ಸೈಡ್ ಹೊರಗಿನ ಗಾಳಿಗಿಂತ ಹತ್ತಾರು ಪಟ್ಟು ಜಾಸ್ತಿ ಆಗುತ್ತದೆ. ಮಳೆ ನೀರು ಅದನ್ನು ಹೀರಿಕೊಳ್ಳುತ್ತದೆ. ಸಾಲದ್ದಕ್ಕೆ ಮಣ್ಣೇ ಹುಳಿ. ಡ್ರಮ್ಮಿನಲ್ಲಿ ಕರಗದ ಚಿಪ್ಪು ಇಲ್ಲಿ ಕರಗುತ್ತದೆ. ಆಳ ಸಮುದ್ರದ ಒತ್ತಡ ನಮ್ಮಲ್ಲಿ ಇಲ್ಲ, ಆದರೆ ಕೊಳೆಯುವುದು ಮತ್ತು ಹುಳಿ ಎರಡೂ ಧಾರಾಳವಾಗಿ ಇವೆ. ಹಾಗಾಗಿ ಈ ಪುಡಿಯನ್ನು ಹಾಕುವ ಕ್ರಮ ಇದು: ನೀರಿನಲ್ಲಿ ಕಲಸಬೇಡಿ. ಮೊದಲ ಮಳೆ ಬಿದ್ದು ನೆಲ ಹಸಿಯಾದ ಮೇಲೆ ಬುಡದ ಸುತ್ತ ಎರಚಿ, ಮಣ್ಣಿಗೆ ಸೇರಿಸಿ, ಮೇಲೆ ದರಗು ಮುಚ್ಚಿ. ಗೊಬ್ಬರದ ಜೊತೆಗೆ ಒಟ್ಟಿಗೆ ಹಾಕಬೇಡಿ, ಎರಡು ಮೂರು ವಾರ ಬಿಡಿ. ನಾನು ಮೇ ತಿಂಗಳಲ್ಲಿ ಹೀಗೆ ಹಾಕಿದೆ. ಮಳೆಗಾಲ ಕಳೆದ ಮೇಲೆ ಅದೇ ಜಾಗದ ಮಣ್ಣು ಪರೀಕ್ಷೆಗೆ ಕೊಟ್ಟರೆ 5.6 ಬಂತು. ಒಂದೇ ವರ್ಷಕ್ಕೆ ಇಷ್ಟು ಸಾಕು. ಬಗೆದು ನೋಡಿದರೆ ನುಣ್ಣಗಿನ ಪುಡಿ ಕಾಣುವುದಿಲ್ಲ, ದಪ್ಪ ಚೂರುಗಳು ಮಾತ್ರ ಅಂಚು ಸವೆದು ಇನ್ನೂ ಇವೆ.

ಅಂಗಡಿಯ ಹುಡುಗ ಇದು ಬೋರ್ಡೋಗೂ ಆಗುತ್ತೆ ಎಂದಿದ್ದ. ಆಗುವುದಿಲ್ಲ, ದಯವಿಟ್ಟು ಮಾಡಬೇಡಿ. ಕೊಳೆ ರೋಗಕ್ಕೆ ಹೊಡೆಯುವ ಶೇಕಡಾ 1ರ ಬೋರ್ಡೋ ದ್ರಾವಣಕ್ಕೆ 1 ಕೆಜಿ ಮೈಲುತುತ್ತ (ತಾಮ್ರದ ಸಲ್ಫೇಟ್), 1 ಕೆಜಿ ಸುಣ್ಣ, 100 ಲೀಟರ್ ನೀರು. ಆ ಸುಣ್ಣ ಸುಟ್ಟು ಅರಳಿಸಿದ ಸುಣ್ಣ. ಚಿಪ್ಪನ್ನು ಭಟ್ಟಿಯಲ್ಲಿ ಸುಟ್ಟಾಗ ಕಾರ್ಬನ್ ಡೈಆಕ್ಸೈಡ್ ಬಿಟ್ಟು ಹೋಗಿ ಅದು ಬೇರೆಯೇ ವಸ್ತುವಾಗುತ್ತದೆ. ಎಲೆ ಅಡಿಕೆಗೆ ಹಚ್ಚುವ ಸುಣ್ಣವೂ ಹಾಗೆ ಸುಟ್ಟು ಅರಳಿಸಿದ್ದೇ. ಸುಡದ ಚಿಪ್ಪಿನ ಪುಡಿ ಮೈಲುತುತ್ತದ ಹುಳಿಯನ್ನು ಬೇಗ ತೆಗೆಯುವುದಿಲ್ಲ. ನಾನು ಒಂದು ಬಕೆಟ್ಟಿನಲ್ಲಿ ಮಾಡಿ ನೋಡಿದೆ. ಹೊಳೆಯುವ ಚಾಕು ಅದ್ದಿ ತೆಗೆದರೆ ಕೆಂಪು ಬಣ್ಣ ಹಿಡಿಯಿತು. ಅಂದರೆ ತಾಮ್ರ ಇನ್ನೂ ಬಿಡಿಯಾಗಿದೆ, ಹೊಡೆದರೆ ಗೊನೆ ಸುಡುತ್ತದೆ. ನಮ್ಮ ಕೊನೆಗಾರ ಅದನ್ನು ನೋಡಿ "ಇದನ್ನ ನಾನು ಮರಕ್ಕೆ ಹೊಡೆಯಲ್ಲ ಗೌಡ್ರೇ" ಎಂದು ಅಲ್ಲೇ ಹೇಳಿದ. ಅವನ ಮಾತು ಸರಿ. ಬೋರ್ಡೋಗೆ ಬೇರೆ ಸುಣ್ಣವನ್ನೇ ತನ್ನಿ.

ಇನ್ನೊಂದು ವಿಷಯ. ಬಳಚಿನಂಥ ಚಿಪ್ಪುಗಳಲ್ಲಿ ಇರುವುದು ಹೆಚ್ಚಾಗಿ ಅರಗೊನೈಟ್ ಎಂಬ ಬಗೆಯ ಕ್ಯಾಲ್ಸಿಯಂ ಕಾರ್ಬೊನೇಟ್. ಸುಣ್ಣದ ಕಲ್ಲಿನಲ್ಲಿ ಇರುವುದು ಹೆಚ್ಚಾಗಿ ಕ್ಯಾಲ್ಸೈಟ್. ಎರಡರ ಅಂಶ ಒಂದೇ, ಜೋಡಣೆ ಬೇರೆ. ಅರಗೊನೈಟ್ ಸ್ವಲ್ಪ ಸುಲಭವಾಗಿ ಕರಗುತ್ತದೆ. ಸಮುದ್ರದಲ್ಲೂ ಅರಗೊನೈಟ್ ಚಿಪ್ಪು ಕ್ಯಾಲ್ಸೈಟ್‌ಗಿಂತ ಬಹಳ ಮೇಲೆಯೇ ಕರಗಿ ಹೋಗುತ್ತದೆ. ಹಾಗಂತ ಚಿಪ್ಪಿನ ಪುಡಿಗೆ ಸುಮ್ನೆ ಜಾಸ್ತಿ ದುಡ್ಡು ಕೊಡಬೇಡಿ. ತೋಟದಲ್ಲಿ ವ್ಯತ್ಯಾಸ ಮಾಡುವುದು ನುಣುಪು. ನುಣ್ಣಗಿನ ಕಲ್ಲಿನ ಪುಡಿ ಸಿಕ್ಕರೆ ಅದು ದಪ್ಪ ಚಿಪ್ಪಿನ ಪುಡಿಗಿಂತ ಒಳ್ಳೆಯದು.

ಅಕ್ಕನ ಮಗಳು ಹೊರಡುವ ದಿನ ಹೇಳಿದ ಒಂದು ಮಾತು ನನ್ನ ತಲೆಯಿಂದ ಹೋಗಿಲ್ಲ. ಸುಮಾರು 5.6 ಕೋಟಿ ವರ್ಷದ ಹಿಂದೆ ಗಾಳಿಗೂ ಸಮುದ್ರಕ್ಕೂ ಒಮ್ಮೆಲೇ ತುಂಬಾ ಕಾರ್ಬನ್ ಸೇರಿತಂತೆ. ಅಟ್ಲಾಂಟಿಕ್ ಸಾಗರದ ತಳವನ್ನು ಕೊರೆದು ತೆಗೆದ ಉದ್ದನೆಯ ಕೆಸರಿನ ಕಂಬದಲ್ಲಿ ಬಿಳಿ ಸುಣ್ಣದ ನಡುವೆ ಒಂದು ಕೆಂಪು ಪಟ್ಟಿ ಇದೆ. ಸುಣ್ಣ ಉಳಿಯುವ ಗೆರೆ ಆಗ ಅಲ್ಲಿ 2 ಕಿಲೋಮೀಟರಿಗಿಂತ ಜಾಸ್ತಿ ಮೇಲೆ ಬಂದಿತ್ತು. ಸಾವಿರಾರು ವರ್ಷ ಚಿಪ್ಪು ಬಿದ್ದದ್ದೆಲ್ಲ ಕರಗಿತು, ಜೇಡಿ ಮಾತ್ರ ಉಳಿಯಿತು. ತಳದ ಸುಣ್ಣ ಹಾಗೆ ಕರಗಿದ್ದರಿಂದಲೂ ನೀರಿನ ಹುಳಿ ನಿಧಾನವಾಗಿ ಇಳಿದು, ಮತ್ತೆ ಬಿಳಿ ಪದರ ಶುರುವಾಯಿತು. ಅಂದರೆ ಸಮುದ್ರವೂ ತನಗೆ ತಾನೇ ಸುಣ್ಣ ಹಾಕಿಕೊಳ್ಳುತ್ತದೆ! ನಾವು ಮೇ ತಿಂಗಳಲ್ಲಿ ಬುಡಕ್ಕೆ ಎರಚುವ ಕೆಲಸವನ್ನೇ ಅದು ಸಾವಿರಾರು ವರ್ಷ ತೆಗೆದುಕೊಂಡು ಮಾಡುತ್ತದೆ. ಈಗ ನಾವು ಸುಟ್ಟು ಬಿಡುವ ಕಾರ್ಬನ್ ಡೈಆಕ್ಸೈಡಿನಲ್ಲಿ ಸುಮಾರು ಕಾಲು ಭಾಗ ಸಮುದ್ರಕ್ಕೆ ಸೇರುತ್ತಿದೆ. ಮೇಲ್ಭಾಗದ ನೀರಿನ ಪಿಎಚ್ 8.2ರಿಂದ 8.1ಕ್ಕೆ ಇಳಿದಿದೆ. ನೋಡಲು ಸಣ್ಣ ಅಂಕಿ, ಆದರೆ ಪಿಎಚ್ ಲೆಕ್ಕದಲ್ಲಿ ಅದು ಹುಳಿಯಲ್ಲಿ ಕಾಲು ಭಾಗದಷ್ಟು ಏರಿಕೆ. ಮಣ್ಣು ಪರೀಕ್ಷೆಯ ಚೀಟಿ ಓದುವವರಿಗೆ ಇದು ಗೊತ್ತಿರುತ್ತದೆ. ತಳದಲ್ಲಿರುವ ಸುಣ್ಣ ಇದನ್ನೂ ಸರಿ ಮಾಡಬಲ್ಲದು, ಆದರೆ ಮತ್ತೆ ಸಾವಿರಾರು ವರ್ಷ ಬೇಕು. ಅಷ್ಟರೊಳಗೆ ಚಿಪ್ಪು ಕಟ್ಟುವ ಜೀವಿಗಳ ಗತಿ ಏನು ಎಂದು ಯೋಚಿಸಿದರೆ ಸಂಕಟವಾಗುತ್ತದೆ. ನಮ್ಮ ಕರಾವಳಿಯಲ್ಲಿ ಬಳಚು ಹೆಕ್ಕಿ ಬದುಕುವವರು ಎಷ್ಟು ಮನೆ ಇದ್ದಾರೆ!

ಸರಿ, ಮತ್ತೆ ಚೀಲಕ್ಕೆ. ಐದಕ್ಕೆ ಮೂರೂವರೆ ಕೊಡುತ್ತೇನೆ. ದಪ್ಪ ಚೂರಿಗೆ ಒಂದು, ಆ ತಪ್ಪು ಸಾಲಿಗೆ ಅರ್ಧ ಕಳೆದಿದ್ದೇನೆ. ಅಂಗಡಿಯ ನಡವಳಿಕೆಗೆ ದೂರಿಲ್ಲ. ಚೀಲಗಳನ್ನು ಮಳೆಗೆ ಮುಂಚೆ, ಹೇಳಿದ ದಿನಕ್ಕೇ ಮನೆ ಬಾಗಿಲಿಗೆ ತಲುಪಿಸಿದರು, ಬಿಲ್ಲೂ ಕೊಟ್ಟರು. ಕೊಳ್ಳುವಾಗ ಒಂದು ಹಿಡಿ ಪುಡಿ ಕೇಳಿ, ಜರಡಿ ಹಿಡಿದು ನೋಡಿ. ಒಂದು ಚಮಚಕ್ಕೆ ನಿಂಬೆ ರಸ ಹಿಂಡಿ. ಚುರ್ರೆಂದು ನೊರೆ ಬಂದು ತಳದಲ್ಲಿ ಮಣ್ಣು, ಮರಳು ಜಾಸ್ತಿ ಉಳಿಯದಿದ್ದರೆ ಮಾಲು ಶುದ್ಧ. ನನ್ನದರಲ್ಲಿ ಉಗುರಿಗೆ ಹತ್ತುವಷ್ಟು ಮಾತ್ರ ಉಳಿಯಿತು.

ಕಳೆದ ವಾರ ಅಂಗಡಿಗೆ ಹೋದಾಗ ಯಜಮಾನರಿಗೆ ಸೋಡಾ ಬಾಟಲಿಯ ವಿಷಯವನ್ನೆಲ್ಲ ಹೇಳಿದೆ. ಗಮನ ಇಟ್ಟು ಕೇಳಿದರು. "ಕಂಪನಿಯವ್ರ ಹತ್ರ ಆ ಸಾಲು ತೆಗೆಸೋಕೆ ಹೇಳ್ತೀನಿ ಗೌಡ್ರೇ, ಅಲ್ಲಿವರೆಗೆ ಪೈಪಿಗೆ ಬಿಡಬೇಡಿ ಅಂತ ನಾನೇ ಬಾಯಲ್ಲಿ ಹೇಳ್ತೀನಿ" ಎಂದರು. ನಾನು ನಿಂತಿದ್ದಾಗಲೇ ಹೊಸನಗರ ಕಡೆಯವರೊಬ್ಬರು ಎರಡು ಚೀಲ ತೆಗೆದುಕೊಂಡರು. ಅವರಿಗೆ ಹೇಳಿಯೇ ಕಳಿಸಿದರು. ಮುಂದಿನ ಏಪ್ರಿಲ್‌ಗೆ ನಾನು ಹತ್ತು ಚೀಲ ಹೇಳಿ ಬಂದಿದ್ದೇನೆ, ನುಣ್ಣಗೆ ಬೀಸಿದ್ದು ಸಿಕ್ಕರೆ ಮಾತ್ರ ಎಂದು.